ಪ್ರಾಗ್ ಬೇಕಾ, ಒಲೊಮೌಟ್ಸ್ ಬೇಕಾ? ನನ್ನ ಓಟು ಒಲೊಮೌಟ್ಸ್‌ಗೆ

ಪ್ಯಾರಿಸ್, ಬರ್ಲಿನ್ ಮುಗಿಸಿ ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಬರುವ ಹೊತ್ತಿಗೆ ನನಗೆ ದೊಡ್ಡ ಊರುಗಳು ಸಾಕಾಗಿದ್ದವು. ಪ್ರತಿ ಊರಲ್ಲೂ ಮೆಟ್ರೊ ನಕ್ಷೆ ಹೊಸದಾಗಿ ಕಲಿಯಬೇಕು. ಟಿಕೆಟ್‌ಗೆ ಮುದ್ರೆ ಎಲ್ಲಿ ಹಾಕಿಸಬೇಕು ಅಂತ ಹುಡುಕಬೇಕು. ಜನಜಂಗುಳಿಯಲ್ಲಿ ಒಂದು ಕೈ ಜೇಬಿನ ಮೇಲೇ ಇರಬೇಕು. ಕಾಲಿಗಿಂತ ತಲೆಗೇ ಜಾಸ್ತಿ ಸುಸ್ತು.

ಅಲ್ಲಿಂದ ರೈಲು ಹತ್ತಿ ಒಲೊಮೌಟ್ಸ್‌ಗೆ ಹೋದೆ. ಎರಡು ಗಂಟೆ ಚಿಲ್ಲರೆ ದಾರಿ. ಚೆಕ್ ದೇಶದ ಪೂರ್ವಕ್ಕಿರುವ ಮೊರಾವಿಯಾ ಸೀಮೆಯ ಊರು. ಪ್ರಾಗ್‌ನಲ್ಲಿ 13 ಲಕ್ಷಕ್ಕೂ ಹೆಚ್ಚು ಜನ, ಇಲ್ಲಿ ಸುಮಾರು 1 ಲಕ್ಷ. ನೋಡುವುದಕ್ಕೇನೂ ಕಮ್ಮಿಯಿಲ್ಲ. ಚೌಕದ ನಡುವೆ 35 ಮೀಟರ್ ಎತ್ತರದ ಹೋಲಿ ಟ್ರಿನಿಟಿ ಸ್ತಂಭ ನಿಂತಿದೆ. 1754ರಲ್ಲಿ ಮುಗಿದದ್ದು, 2000ದಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು.

ಪ್ರಾಗ್ ನನ್ನನ್ನು ನಿಜವಾಗಿ ಸುಸ್ತು ಮಾಡಿದ್ದು ಬೆನ್ನಿನ ಚೀಲದ ವಿಷಯದಲ್ಲಿ. ಹಾಸ್ಟೆಲ್ ಬೆಳಿಗ್ಗೆ 10ಕ್ಕೆ ಖಾಲಿ ಮಾಡಬೇಕು, ರೈಲು ಸಂಜೆಗೆ. ನಡುವಿನ ಹೊತ್ತು ಚೀಲ ಎಲ್ಲಿಡೋದು? ಹಾಸ್ಟೆಲ್‌ನ ಸಾಮಾನು ಕೋಣೆ ತುಂಬಿತ್ತು. ಹುಡುಕಿದ ಕಡೆಯೆಲ್ಲ ಲಾಕರ್‌ಗಳೂ ಭರ್ತಿ. ಸರಿ, ಹೊತ್ತುಕೊಂಡೇ ಹೊರಟೆ.

ಚಾರ್ಲ್ಸ್ ಸೇತುವೆ ಅರ್ಧ ಕಿಲೋಮೀಟರ್ ಉದ್ದ. ಹೋಗುವವರು, ಬರುವವರು, ಫೋಟೊಗೆ ನಿಂತವರು, ಚಿತ್ರ ಮಾರುವವರು. ನಾನು ತಿರುಗಿದಾಗಲೆಲ್ಲ ಚೀಲ ಯಾರಿಗಾದರೂ ತಾಗುತ್ತಿತ್ತು. 'ಸಾರಿ, ಸಾರಿ' ಅನ್ನುತ್ತಲೇ ದಾಟಿದೆ. ಎರಡೂ ಬದಿಯಲ್ಲಿದ್ದ ಪ್ರತಿಮೆಗಳಲ್ಲಿ ಒಂದನ್ನೂ ನೆಟ್ಟಗೆ ನೋಡಲಿಲ್ಲ. ಕೂರೋಣ ಅಂದರೆ ಕಾಫಿ ಕೊಳ್ಳಬೇಕು, ಅದೂ ಪ್ರವಾಸಿಗರ ರೇಟಿನಲ್ಲಿ. ಕಲ್ಲುಹಾಸಿನ ಮೇಲೆ ನಡೆದು ನಡೆದು ಮಧ್ಯಾಹ್ನಕ್ಕೇ ಹೆಗಲ ಪಟ್ಟಿ ಒತ್ತಿದ ಕಡೆ ಕೆಂಪಾಗಿತ್ತು.

ಒಲೊಮೌಟ್ಸ್‌ನಲ್ಲಿ ಗೆಸ್ಟ್‌ಹೌಸ್ ನಡೆಸುವ ಹೆಂಗಸು ಮೆಟ್ಟಿಲ ಕೆಳಗಿನ ಜಾಗ ತೋರಿಸಿ, ಅಲ್ಲಿಡಿ, ಸಂಜೆ ತಗೊಂಡು ಹೋಗಿ ಅಂದರು. ದುಡ್ಡಿಲ್ಲ, ಚೀಟಿಯಿಲ್ಲ. ಹಳೇ ಊರಿನಿಂದ ಸ್ಟೇಷನ್ ಸುಮಾರು 2 ಕಿಲೋಮೀಟರ್, ಟ್ರಾಮ್ ಇದೆ. ಚೀಲವಿಲ್ಲದೆ ಕೈಬೀಸಿಕೊಂಡು ಓಡಾಡಿದ ಆ ದಿನದ ಹಗುರ ನಾನು ಮರೆಯುವುದಿಲ್ಲ.

ಇನ್ನು ಗಡಿಯಾರ. ಎರಡೂ ಊರಲ್ಲಿ ಟೌನ್‌ಹಾಲ್ ಗೋಡೆ ಮೇಲೆ ಗೊಂಬೆಗಳು ಚಲಿಸುವ ದೊಡ್ಡ ಖಗೋಳ ಗಡಿಯಾರವಿದೆ. ಪ್ರಾಗ್‌ನದು 1410ರದು. ಗಂಟೆ ಗಂಟೆಗೂ ಅಸ್ಥಿಪಂಜರ ಗಂಟೆ ಎಳೆಯುತ್ತದೆ, ಸಂತರ ಗೊಂಬೆಗಳು ಸರಿದು ಹೋಗುತ್ತವೆ. ನನಗೆ ಕಂಡದ್ದು ಮುಂದಿದ್ದವರು ಮೇಲೆತ್ತಿದ ಮೊಬೈಲ್‌ಗಳು. ಒಲೊಮೌಟ್ಸ್‌ನ ಗಡಿಯಾರ 1945ರ ಮೇ ತಿಂಗಳಲ್ಲಿ, ಯುದ್ಧದ ಕೊನೆಯಲ್ಲಿ ಹಾಳಾಯಿತು. ಕಮ್ಯುನಿಸ್ಟರ ಕಾಲದಲ್ಲಿ ಕರೆಲ್ ಸ್ವೊಲಿನ್‌ಸ್ಕಿ ಅನ್ನುವ ಕಲಾವಿದ ಅದನ್ನು ಹೊಸದಾಗಿ ರೂಪಿಸಿದರು. 1955ರಿಂದ ಸಂತರಿದ್ದ ಜಾಗದಲ್ಲಿ ಕೆಲಸಗಾರರ ಗೊಂಬೆಗಳಿವೆ. ಮಧ್ಯಾಹ್ನ 12ಕ್ಕೆ ಅವು ಚಲಿಸುವಾಗ ಎದುರಿಗೇ ನಿಂತು, ಮೊಸಾಯಿಕ್‌ನ ಒಂದೊಂದು ಚೂರೂ ಕಾಣುವಷ್ಟು ಹತ್ತಿರದಿಂದ ನೋಡಿದೆ. ಚೆಂದದಲ್ಲಿ ಪ್ರಾಗ್‌ನದೇ ಮೇಲಿರಬಹುದು. ಆದರೆ ಒಂದು ದೇಶದ ಚರಿತ್ರೆ ಹೀಗೆ ಗೋಡೆ ಮೇಲೆ ಕಣ್ಣಿಗೆ ಕಾಣುವುದು ಅಪರೂಪ, ಅಲ್ವಾ?

ಊಟದಲ್ಲಿ ಪ್ರಾಗ್ ಗೆಲ್ಲುತ್ತದೆ. ಸಸ್ಯಾಹಾರಿಗಳಿಗೆ ಅಲ್ಲಿ ಇಂಡಿಯನ್ ಹೋಟೆಲ್‌ಗಳು ಬೇಕಾದಷ್ಟು. ಒಲೊಮೌಟ್ಸ್‌ನಲ್ಲಿ ನನ್ನನ್ನು ಸಾಕಿದ್ದು ಕರಿದ ಚೀಸ್ ಮತ್ತು ಆಲೂಗಡ್ಡೆ. ತ್ವರೂಷ್ಕಿ ಅನ್ನುವ ಇಲ್ಲಿನ ಚೀಸ್ ಹುಳಿ ಹಾಲಿನದು, ಕೊಬ್ಬು ತೀರಾ ಕಮ್ಮಿ, ವಾಸನೆ ಮಾತ್ರ ಜೋರು. ಬ್ರೆಡ್, ಈರುಳ್ಳಿ ಜೊತೆ ತಿಂದೆ. ಎರಡನೇ ಸಲಕ್ಕೆ ಇಷ್ಟವಾಯಿತು.

ರಾತ್ರಿ ಗದ್ದಲ ಬೇಕು ಅನ್ನುವವರಿಗೆ ಪ್ರಾಗ್.

ಖರ್ಚಿಗೆ ಬಂದರೆ, ಪ್ರಾಗ್‌ನಲ್ಲಿ ಹಲವರು ಒಟ್ಟಿಗೆ ಮಲಗುವ ಡಾರ್ಮ್‌ನ ಒಂದು ಹಾಸಿಗೆಯ ದರಕ್ಕೆ ಸ್ವಲ್ಪ ಸೇರಿಸಿದ್ದಷ್ಟೇ, ಇಲ್ಲಿ ನನಗೆ ಬಾಗಿಲು ಹಾಕಿಕೊಳ್ಳುವ ಸ್ವಂತ ಕೋಣೆ ಸಿಕ್ಕಿತು. ನನಗೆ ಬೆಳಿಗ್ಗೆ ಬೇಗ ಏಳುವ ಅಭ್ಯಾಸ. ನಡುರಾತ್ರಿ ಯಾರೋ ಲೈಟ್ ಹಾಕಿದರೆ ಮರುದಿನ ಕೆಟ್ಟಿತು ಅಂತಲೇ ಲೆಕ್ಕ.

ಮೊದಲ ಸಲ ಯುರೋಪಿಗೆ ಹೋಗುವವರು, ರಜೆ ಕಮ್ಮಿ ಇರುವವರು ಪ್ರಾಗ್ ಬಿಡಬೇಡಿ. ಆದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದಲ್ಲಿ ದಿನಗಳು ಧಾರಾಳವಾಗಿದ್ದು, ಎರಡು ಮೂರು ರಾಜಧಾನಿ ಆಗಲೇ ನೋಡಿದ್ದರೆ, ನಾಲ್ಕನೆಯದಕ್ಕೆ ಸುಮ್ನೆ ಓಡಬೇಡಿ. ನಾನಂತೂ ಮುಂದಿನ ಸಲ ಪ್ರಾಗ್‌ನಲ್ಲಿ ಒಂದು ರಾತ್ರಿ ಮಲಗಿ, ನೇರ ಒಲೊಮೌಟ್ಸ್ ರೈಲು ಹತ್ತುತ್ತೇನೆ. ಅಲ್ಲಿಂದ ಹತ್ತಿರದ ಕ್ರೊಮ್ಯೆರ್ಷೀಜ್‌ನ ಅರಮನೆ ತೋಟ ನೋಡುವುದು ಬಾಕಿಯಿದೆ.