ಬೇಸ್ ಡ್ರಮ್‌ಗೆ ಶೂರ್ ಪಿಜಿಎ52 ಮೈಕ್: ಆರು ವರ್ಷ ಬಳಸಿದ ಮೇಲೆ

2019ರ ಗಣೇಶನ ಹಬ್ಬಕ್ಕೆ ಇನ್ನೆರಡು ವಾರ ಇರುವಾಗ ಈ ಮೈಕ್ ಕೊಂಡೆ. ಕೇಬಲ್ ಸೇರಿ ಹತ್ತು ಸಾವಿರದ ಹತ್ತಿರ ಆಯಿತು. ಮಧ್ಯೆ ಕೊರೊನಾ ಬಂದು ಕಾರ್ಯಕ್ರಮಗಳೇ ಇಲ್ಲದಾಗ ಡಬ್ಬಿಯಲ್ಲೇ ಮಲಗಿತ್ತು. ಅದು ಬಿಟ್ಟರೆ ಪ್ರತಿ ಸೀಸನ್‌ನಲ್ಲೂ ದುಡಿದಿದೆ. ಜಾತ್ರೆ, ರಾಜ್ಯೋತ್ಸವ, ಕಾಲೇಜ್ ಡೇ, ಮದುವೆ ಮನೆ ಆರ್ಕೆಸ್ಟ್ರಾ, ಎಲ್ಲ ಕಡೆಗೂ ಹೋಗಿದೆ. ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಸೌಂಡ್ ಸೆಟ್ ಇದೆ, ಬಾಡಿಗೆಗೆ ಕೊಡುತ್ತೇನೆ. ಮಿಕ್ಸರ್ ಮುಂದೆ ನಾನೇ ಕೂರುತ್ತೇನೆ.

ನಮ್ಮ ಕಡೆ ಆರ್ಕೆಸ್ಟ್ರಾಗಳಲ್ಲಿ ಈಗ ಎಲೆಕ್ಟ್ರಾನಿಕ್ ರಿದಮ್ ಪ್ಯಾಡ್ ಜಾಸ್ತಿ. ಆದರೂ ಒಳ್ಳೆ ಡ್ರಮ್ಮರ್ ಇರುವ ತಂಡ ಪೂರ್ತಿ ಡ್ರಮ್ ಕಿಟ್ ತಂದೇ ತರುತ್ತದೆ. ಕಿಟ್ ಬಂದಾಗ ಮೊದಲು ಬರುವ ಪ್ರಶ್ನೆ ಕಿಕ್‌ಗೆ, ಅಂದರೆ ಕಾಲಲ್ಲಿ ಪೆಡಲ್ ತುಳಿದು ಹೊಡೆಯುವ ಬೇಸ್ ಡ್ರಮ್‌ಗೆ, ಯಾವ ಮೈಕ್ ಅನ್ನೋದು. ಸ್ನೇರ್ (ಕೋಲಿನಿಂದ ಹೊಡೆಯುವ ಚಿಕ್ಕ ಡ್ರಮ್) ಮೈಕ್ ಇಲ್ಲದಿದ್ದರೂ ಜನಕ್ಕೆ ಕೇಳುತ್ತದೆ. ಸಿಂಬಲ್ಸ್ ಅಂತೂ ಹಾಡೋರ ಮೈಕ್‌ನಲ್ಲೇ ತುಂಬಿಕೊಳ್ಳುತ್ತದೆ. ಬೇಸ್ ಡ್ರಮ್ ಮಾತ್ರ ಮೈಕ್ ಇಡದಿದ್ದರೆ ಬಯಲಲ್ಲಿ ಹತ್ತು ಅಡಿ ದಾಟುವುದಿಲ್ಲ.

ಇದಕ್ಕೂ ಮುಂಚೆ ಎರಡು ವರ್ಷ ಹಾಡುವ ಮೈಕನ್ನೇ ಡ್ರಮ್ ಮುಂದೆ ಇಡುತ್ತಿದ್ದೆ. ಸಬ್ (ತಳದ ಸದ್ದಿನ ಸ್ಪೀಕರ್) ಎಷ್ಟು ಏರಿಸಿದರೂ ರಟ್ಟಿನ ಡಬ್ಬಿ ತಟ್ಟಿದ ಹಾಗೆ ‘ಟಪ್ ಟಪ್’ ಅಂತ ಬರುತ್ತಿತ್ತು. ಆಮೇಲೆ ಏಳು ಮೈಕ್ ಇರುವ ಅಗ್ಗದ ಡ್ರಮ್ ಸೆಟ್ ಒಂದನ್ನು ಕೊಂಡೆ. ಒಂದು ಒಳ್ಳೆ ಮೈಕಿನ ದುಡ್ಡಿಗೆ ಏಳು ಮೈಕ್ ಸಿಗುತ್ತದಲ್ಲ ಅಂತ ಆಸೆ ಆಗಿತ್ತು. ಎರಡನೇ ಸೀಸನ್‌ಗೆ ಅದರ ಕಿಕ್ ಮೈಕಿನ ಒಳಗೆ ಏನೋ ಸಡಿಲ ಆಯಿತು. ಪ್ರತಿ ಏಟಿಗೂ ‘ಗಿರ್’ ಅನ್ನೋ ಸದ್ದು. ಒಂದು ಊರಲ್ಲಿ ಕಾರ್ಯಕ್ರಮದ ಮಧ್ಯೆ ಆ ಚಾನೆಲ್ಲನ್ನೇ ಮುಚ್ಚಬೇಕಾಯಿತು. ಡ್ರಮ್ಮರ್ ಹಿಂದೆ ತಿರುಗಿ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಅವತ್ತೇ ತೀರ್ಮಾನ ಮಾಡಿದೆ, ಕಿಕ್‌ಗೆ ಅಂತಲೇ ಮಾಡಿದ ಒಂದೇ ಒಂದು ಗಟ್ಟಿ ಮೈಕ್ ಮೊದಲು ಕೊಳ್ಳಬೇಕು, ಉಳಿದದ್ದೆಲ್ಲ ಆಮೇಲೆ.

ಮೈಕ್ ಹುಡುಕುವಾಗ ಬಹಳ ಜನ ಡಬ್ಬಿ ಮೇಲಿನ ಹರ್ಟ್ಜ್ ಅಂಕಿ (ಕಡಿಮೆ ಇದ್ದಷ್ಟೂ ತಳದ ಸದ್ದು, ಜಾಸ್ತಿ ಇದ್ದಷ್ಟೂ ಚೂಪು ಸದ್ದು) ನೋಡಿ ಮೋಸ ಹೋಗುತ್ತಾರೆ. ಶೂರ್‌ನ ಎಸ್‌ಎಂ57 ಎಲ್ಲರಿಗೂ ಗೊತ್ತಿರುವ ಮೈಕ್. ಅದರ ಕಾಗದದಲ್ಲಿ 40ರಿಂದ 15,000 ಹರ್ಟ್ಜ್ ಅಂತಿದೆ. ಪಿಜಿಎ52ರದ್ದು 50ರಿಂದ 12,000. ಬರೀ ಅಂಕಿ ನೋಡಿದರೆ 57 ಇನ್ನೂ ಕೆಳಗೆ ಇಳಿಯುತ್ತದೆ, ಅದೇ ಬೇಸ್‌ಗೆ ಒಳ್ಳೆಯದು ಅನ್ನಿಸುತ್ತದೆ ಅಲ್ವಾ? ಆದರೆ ನೋಡಬೇಕಾದದ್ದು ಅಂಕಿಯ ಜೊತೆಗೆ ಕೊಡುವ ಗ್ರಾಫಿನ ಗೆರೆಯನ್ನು, ಯಾವ ಸದ್ದನ್ನು ಮೈಕ್ ಎಷ್ಟು ಜೋರಾಗಿ ಹಿಡಿಯುತ್ತದೆ ಅಂತ ಅದು ತೋರಿಸುತ್ತದೆ. 57ರ ಗೆರೆ 200 ಹರ್ಟ್ಜ್‌ನಿಂದ ಕೆಳಗೆ ಜಾರುತ್ತಾ ಹೋಗುತ್ತದೆ. ಗಿಟಾರ್ ಆಂಪ್‌ಗೆ, ಸ್ನೇರ್‌ಗೆ ಅದೇ ಚೆನ್ನ. ಕಿಕ್ ಮೈಕನ್ನು ಬೇರೆ ಥರ ಮಾಡಿರುತ್ತಾರೆ. ತಳದ ಗುಂಗು ಉಳಿಸುತ್ತಾರೆ, ನಡುವಿನ ಡಬ್ಬಿ ಸದ್ದು ತಗ್ಗಿಸುತ್ತಾರೆ, ಪೆಡಲ್ ಬೀಟರ್ ತೊಗಲಿಗೆ ಬಡಿಯುವ ‘ಟಿಕ್’ ಎತ್ತಿ ಕೊಡುತ್ತಾರೆ. ನಾವು ಈಕ್ವಲೈಸರ್‌ನಲ್ಲಿ ಮಾಡುವ ಕೆಲಸ ಅರ್ಧ ಮೈಕಿನೊಳಗೇ ಮುಗಿದಿರುತ್ತದೆ.

ಅವತ್ತು ನನ್ನ ಕಣ್ಣ ಮುಂದೆ ನಾಲ್ಕು ಹೆಸರಿದ್ದವು. ಶೂರ್ ಬೀಟಾ 52ಎ, ಎಕೆಜಿ ಡಿ112, ಆಡಿಕ್ಸ್ ಡಿ6, ಮತ್ತೆ ಈ ಪಿಜಿಎ52. ಮೊದಲ ಮೂರೂ ದೊಡ್ಡ ಸ್ಟೇಜ್‌ಗಳಲ್ಲಿ ಕಾಣುವ ಮೈಕ್‌ಗಳು. ಡಿ112 ಮೊಟ್ಟೆ ಆಕಾರದ್ದು, ದೂರದಿಂದಲೇ ಗುರುತು ಸಿಗುತ್ತದೆ. ಡಿ6 ನಡುವಿನ ಸದ್ದನ್ನು ಜೋರಾಗಿಯೇ ಕತ್ತರಿಸಿ ಕೊಡುತ್ತದೆ, ರಾಕ್ ಹೊಡೆಯೋರಿಗೆ ಅದು ಇಷ್ಟ. ಬೀಟಾ 52ಎ ಕಾಗದದ ಮೇಲೆ 20 ಹರ್ಟ್ಜ್‌ವರೆಗೆ ಇಳಿಯುತ್ತದೆ. ಅದನ್ನು ಒಂದು ಸಲ ಬಾಡಿಗೆಗೆ ತಂದು ಬಳಸಿದ್ದೆ, ತುಂಬಾ ಚೆನ್ನಾಗಿತ್ತು. ಆದರೆ ಅದರ ಬೆಲೆಗೂ ಪಿಜಿಎ52 ಬೆಲೆಗೂ ನಡುವೆ ಇದ್ದ ದುಡ್ಡಿನಲ್ಲಿ ನನಗೆ ಒಂದು ಒಳ್ಳೆ ಸ್ಟ್ಯಾಂಡ್, ನಾಲ್ಕು ಕೇಬಲ್ ಬರುತ್ತಿತ್ತು. ನಾನು ಪಿಜಿಎ52 ಆರಿಸಿದೆ. ಆರು ವರ್ಷ ಆದ ಮೇಲೂ ಆ ಲೆಕ್ಕ ಸರಿ ಅಂತಲೇ ಅನ್ನಿಸುತ್ತದೆ.

ಕೊಂಡ ಮೊದಲ ತಿಂಗಳು ಮಾತ್ರ ನನಗೆ ಬೇಜಾರಾಗಿತ್ತು. ಇಷ್ಟು ಕೊಟ್ಟೂ ಸದ್ದು ಮಂಕಾಗಿದೆಯಲ್ಲ ಅಂತ. ಚನ್ನಗಿರಿ ಕಡೆ ಒಂದು ಊರಿನ ಜಾತ್ರೆಯಲ್ಲಿ ಅದರ ಗುಟ್ಟು ಗೊತ್ತಾಯಿತು. ತೇರು ಎಳೆದು ಮುಗಿದಿತ್ತು, ರಾತ್ರಿ ಒಂಬತ್ತು ಗಂಟೆ. ಮೈಕನ್ನು ಎಂದಿನ ಹಾಗೆ ಡ್ರಮ್ಮಿನ ಮುಂದಿನ ತೂತಿನ ಬಾಯಲ್ಲಿ ನಿಲ್ಲಿಸಿದ್ದೆ. ಡ್ರಮ್ಮರ್ ಹುಡುಗ ಹೊಡೆದು ನೋಡಿ, “ಅಣ್ಣಾ, ಗಾಳಿ ಸದ್ದೇ ಜಾಸ್ತಿ ಬರ್ತಿದೆ, ಇನ್ನೊಂಚೂರು ಒಳಗೆ ತಳ್ಳಿ” ಅಂದ. ನಾನು ಹಲಗೆ ಮೇಲೆ ಬೋರಲು ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ತೂತಿನಿಂದ ಕೈ ಹಾಕಿ ಮೈಕನ್ನು ಒಳಗೆ ಒಯ್ದೆ. ಅವನು ಒಂದೇ ಸಮ ಪೆಡಲ್ ತುಳಿಯುತ್ತಿದ್ದ. ತೂತಿನ ಹತ್ತಿರ ‘ಬುಂ’ ಅಂತಿದ್ದದ್ದು ಅರ್ಧ ದಾರಿಗೆ ‘ಧಂ’ ಆಯಿತು. ಬೀಟರ್ ಬಡಿಯುವ ತೊಗಲಿಗೆ ನಾಲ್ಕು ಬೆರಳು ಹತ್ತಿರ ಹೋದಾಗ ‘ಧಡ್’ ಅಂತ ಎದೆಗೇ ಗುದ್ದಿದ ಹಾಗೆ ಬಂತು. ಊಟದ ಪಂಕ್ತಿಯಲ್ಲಿ ಕೂತಿದ್ದ ಜನ ತಲೆ ಎತ್ತಿ ನೋಡಿದರು. ಮಿಕ್ಸರ್‌ನಲ್ಲಿ ಒಂದು ಗುಂಡಿಯನ್ನೂ ತಿರುಗಿಸಿರಲಿಲ್ಲ.

ಅಲ್ಲಿಂದ ಈಚೆಗೆ ನನ್ನ ಅಳತೆ ಹೀಗಿದೆ. ಹೊಡೆತ ಚೂಪಾಗಿ ಬೇಕು ಅಂದರೆ ಬೀಟರ್ ಬಡಿಯುವ ತೊಗಲಿನಿಂದ ಎರಡು ಮೂರು ಇಂಚು. ಸಿನಿಮಾ ಹಾಡು, ಟಪಾಂಗುಚ್ಚಿ, ಕುಣಿಸುವ ಹಾಡುಗಳಿಗೆಲ್ಲ ಇದೇ. ಭಾವಗೀತೆ, ಭಕ್ತಿಗೀತೆ ಇದ್ದರೆ ಎಂಟರಿಂದ ಹನ್ನೆರಡು ಇಂಚು ಹಿಂದಕ್ಕೆ ತರುತ್ತೇನೆ. ಆಗ ಡ್ರಮ್ಮಿನ ಮೈ ಸದ್ದೂ ಸೇರುತ್ತದೆ, ಹೊಡೆತ ಮೆತ್ತಗಾಗುತ್ತದೆ. ಬೀಟರ್ ಬಡಿಯುವ ಜಾಗಕ್ಕೆ ನೇರ ಇಡುವುದಿಲ್ಲ, ಒಂದೆರಡು ಇಂಚು ಪಕ್ಕಕ್ಕೆ ಸರಿಸುತ್ತೇನೆ. ನೇರ ಇಟ್ಟರೆ ಟಿಕ್ ಸದ್ದು ಮೊಳೆ ಹೊಡೆದ ಹಾಗೆ ಕಿವಿಗೆ ಚುಚ್ಚುತ್ತದೆ. ತೂತಿನ ಬಾಯಲ್ಲಿ ಮಾತ್ರ ಇಡಲೇಬೇಡಿ. ಪ್ರತಿ ಏಟಿಗೂ ಅಲ್ಲಿಂದ ಗಾಳಿ ನುಗ್ಗಿ ಬರುತ್ತದೆ. ನೀವು ಎಷ್ಟೇ ದುಬಾರಿ ಮೈಕ್ ಇಟ್ಟರೂ ಆ ಗಾಳಿಯೇ ಕೇಳುತ್ತದೆ.

ಡ್ರಮ್ ಸರಿ ಇಲ್ಲದಿದ್ದರೆ ಮೈಕ್ ಏನೂ ಮಾಡಲಾರದು. ಬಾಡಿಗೆ ಕಿಟ್‌ಗಳಲ್ಲಿ ತೊಗಲು ಒಂದು ಕಡೆ ಸಡಿಲ, ಒಂದು ಕಡೆ ಬಿಗಿ ಇರುತ್ತದೆ. ನಾನು ತೊಗಲು ಬಿಗಿ ಮಾಡುವ ಡ್ರಮ್ ಕೀಲಿ ಜೇಬಿನಲ್ಲೇ ಇಟ್ಟುಕೊಂಡಿರುತ್ತೇನೆ. ಎಲ್ಲ ಬೋಲ್ಟ್‌ಗಳನ್ನೂ ಸುಕ್ಕು ಹೋಗುವಷ್ಟು ಬಿಗಿ ಮಾಡಿ, ಮೇಲೆ ಕಾಲು ಸುತ್ತು ಕೊಟ್ಟರೆ ಸಾಕು. ಒಳಗೆ ತುಂಬೋಕೆ ಕೆಲವರು ದಿಂಬು, ಹಾಸಿಗೆ ಏನೇನೋ ತುರುಕುತ್ತಾರೆ. ನನಗೆ ಕರಿ ಕಂಬಳಿಯಷ್ಟು ಒಳ್ಳೆಯದು ಯಾವುದೂ ಸಿಕ್ಕಿಲ್ಲ. ಕುರಿ ಉಣ್ಣೆಯ ಹಳೇ ಕಂಬಳಿ ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಸಿ, ಅದರ ಅಂಚು ಎರಡೂ ತೊಗಲಿಗೆ ಸುಮ್ನೆ ತಾಗುವ ಹಾಗೆ ಬಿಟ್ಟರೆ ಆಯಿತು. ಭಾರ ಇರುವುದರಿಂದ ಜಾರುವುದಿಲ್ಲ. ಸದ್ದಿನ ಬಾಲ ಕತ್ತರಿಸುತ್ತದೆ, ಉಸಿರು ಕಟ್ಟಿಸುವುದಿಲ್ಲ. ಬೀಟರ್ ಕೂಡ ನೋಡಿ. ಬಹಳ ಪೆಡಲ್‌ಗಳಲ್ಲಿ ಒಂದು ಕಡೆ ಫೆಲ್ಟ್, ಇನ್ನೊಂದು ಕಡೆ ಪ್ಲಾಸ್ಟಿಕ್ ಇರುತ್ತದೆ. ಪ್ಲಾಸ್ಟಿಕ್ ಕಡೆ ತಿರುಗಿಸಿದರೆ ಟಿಕ್ ತಾನಾಗೇ ಬರುತ್ತದೆ, ಖರ್ಚಿಲ್ಲ.

ಮಿಕ್ಸರ್‌ನಲ್ಲಿ ನಾನು ಮಾಡುವುದು ಕಡಿಮೆ. 350ರಿಂದ 400 ಹರ್ಟ್ಜ್ ಸುತ್ತ ಸ್ವಲ್ಪ ತೆಗೆಯುತ್ತೇನೆ, ಡಬ್ಬಿ ಸದ್ದು ಇರುವುದು ಅಲ್ಲೇ. ಬೇಕಿದ್ದರೆ 3,000-4,000ದ ಹತ್ತಿರ ಚೂರು ಏರಿಸುತ್ತೇನೆ. 60-80 ಹರ್ಟ್ಜ್ ಹತ್ತಿರ ಏರಿಸುವುದು ಸಬ್ ಬಾಕ್ಸ್ ಚೆನ್ನಾಗಿದ್ದರೆ ಮಾತ್ರ. ಸಬ್ ಇಲ್ಲದ ಕಡೆ ಆ ಗುಂಡಿ ಏರಿಸಿದರೆ ಸ್ಪೀಕರ್ ಒದ್ದಾಡುತ್ತದೆ ಅಷ್ಟೇ. ಗೇನ್ (ಮೈಕಿನ ಸದ್ದು ಮಿಕ್ಸರ್‌ಗೆ ಎಷ್ಟು ಜೋರಾಗಿ ಬರಬೇಕು ಅನ್ನೋ ಗುಂಡಿ) ವಿಷಯದಲ್ಲಿ ಒಂದು ಮಾತು. ಸೌಂಡ್ ಚೆಕ್‌ನಲ್ಲಿ ಡ್ರಮ್ಮರ್ ಮೆತ್ತಗೆ ತುಳಿಯುತ್ತಾನೆ, ಜನ ಸೇರಿದ ಮೇಲೆ ಅದೇ ಕಾಲು ಎರಡು ಪಟ್ಟು ಜೋರಾಗುತ್ತದೆ. ಹಾಗಾಗಿ ಜಾಗ ಬಿಟ್ಟೇ ಗೇನ್ ಇಡಿ. ಇದು ಡೈನಾಮಿಕ್ ಮೈಕ್, ಫ್ಯಾಂಟಮ್ ಪವರ್ (ಮಿಕ್ಸರ್‌ನಿಂದ ಮೈಕಿಗೆ ಹೋಗುವ ಕರೆಂಟ್) ಬೇಡ. ಆದ್ದರಿಂದ ಅಗ್ಗದ ಮಿಕ್ಸರ್‌ಗೂ ನೇರ ಹಾಕಬಹುದು. ಪಕ್ಕದ ಚಾನೆಲ್‌ಗೆ ಬೇಕು ಅಂತ ಫ್ಯಾಂಟಮ್ ಹಾಕಿದರೂ ಕೇಬಲ್ ಸರಿ ಇದ್ದರೆ ಇದಕ್ಕೇನೂ ಆಗುವುದಿಲ್ಲ.

ಈಗ ಗಟ್ಟಿತನದ ವಿಷಯ. ಲೋಹದ ಮೈ, ಅರ್ಧ ಕಿಲೋಗೆ ಸ್ವಲ್ಪ ಕಡಿಮೆ ತೂಕ. ಸ್ಟೇಜ್ ಮೇಲಿಂದ ಬಿದ್ದಿದೆ. ಒಮ್ಮೆ ಜನರೇಟರ್ ಹುಡುಗ ಅದರ ಮೇಲೆ ಬಾಕ್ಸ್ ಇಳಿಸಿದ, ಜಾಲರಿಯ ಒಂದು ಮೂಲೆ ಒಳಗೆ ಹೋಯಿತು. ಸದ್ದಿನಲ್ಲಿ ನನಗೆ ವ್ಯತ್ಯಾಸ ಕೇಳಿಲ್ಲ. ತೀರ್ಥಹಳ್ಳಿ ಕಡೆಯ ಮಳೆಯಲ್ಲೂ ಕೆಲಸ ಮಾಡಿದೆ. ಮಲೆನಾಡಿಗೆ ಹೋಗಿ ಬಂದಾಗಲೆಲ್ಲ ಒಣ ಬಟ್ಟೆಯಲ್ಲಿ ಒರೆಸಿ, ಒಂದು ದಿನ ನೆರಳಲ್ಲಿ ಬಿಟ್ಟು, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತೇನೆ. ಇಲ್ಲಿಯವರೆಗೆ ರಿಪೇರಿ ಬಂದಿಲ್ಲ. ಹೋಗಿದ್ದು ಸ್ಟ್ಯಾಂಡ್. ಈ ತೂಕಕ್ಕೆ ಅಗ್ಗದ ಬೂಮ್ ಸ್ಟ್ಯಾಂಡ್‌ನ ಕೈ ನಿಧಾನವಾಗಿ ಬಾಗುತ್ತದೆ. ಅರ್ಧ ಗಂಟೆ ಆದ ಮೇಲೆ ನೋಡಿದರೆ ಮೈಕ್ ಕಂಬಳಿ ಮೇಲೆ ಮಲಗಿರುತ್ತದೆ. ಕಿಕ್‌ಗೆ ಅಂತ ಸಿಗುವ ಗಿಡ್ಡ ಸ್ಟ್ಯಾಂಡ್, ತಳ ಭಾರ ಇರುವುದು, ಮೈಕ್ ಜೊತೆಗೇ ಕೊಂಡುಬಿಡಿ. ಮೈಕಿನ ಕತ್ತು ತಿರುಗಿಸಿ ಬಿಗಿ ಮಾಡುವ ವ್ಯವಸ್ಥೆ ಇದರಲ್ಲೇ ಇದೆ, ಪ್ರತ್ಯೇಕ ಕ್ಲಿಪ್ ಬೇಡ. ಕತ್ತಲಲ್ಲಿ ಕೈ ಹಾಕಿ ಕೂರಿಸುವಾಗ ಇದು ಎಷ್ಟು ದೊಡ್ಡ ಉಪಕಾರ ಅಂತ ಕೆಲಸ ಮಾಡೋರಿಗೆ ಗೊತ್ತು.

ಎಲ್ಲಿ ಸಾಲದು ಅಂತಲೂ ಹೇಳಬೇಕು. 22 ಇಂಚಿನ ಡ್ರಮ್ಮನ್ನು ಸಡಿಲ ಮಾಡಿ ಹೊಡೆದರೆ ಅದರ ಮೂಲ ಸದ್ದು 50 ಹರ್ಟ್ಜ್ ಆಸುಪಾಸಿಗೇ ಬರುತ್ತದೆ. ಈ ಮೈಕಿನ ಅಂಕಿಯೂ ಅಲ್ಲೇ ನಿಲ್ಲುತ್ತದೆ. 18 ಇಂಚಿನ ಸಬ್ ಸಾಲಾಗಿ ಜೋಡಿಸಿದ ದೊಡ್ಡ ಮೈದಾನದಲ್ಲಿ ನೆಲ ನಡುಗುವ ಬೇಸ್ ಬೇಕು ಅಂದರೆ ಬೀಟಾ 52ಎ ಥರದ್ದೇ ತನ್ನಿ. ನಮ್ಮ ಊರ ಬಯಲು, ಕಲ್ಯಾಣ ಮಂಟಪ, ಕಾಲೇಜು ಸಭಾಂಗಣಕ್ಕೆ ಇದು ಸಾಕು.

ರೆಕಾರ್ಡಿಂಗ್‌ಗೆ ಆ ತಳದ ಸದ್ದು ಬೇಕಾದಾಗ ನಾನು ಇನ್ನೊಂದು ಉಪಾಯ ಮಾಡುತ್ತೇನೆ. ಡೈನಾಮಿಕ್ ಮೈಕ್ ಅಂದರೆ ತಿರುಗಿಸಿಟ್ಟ ಸ್ಪೀಕರ್ ಅಲ್ವಾ? ಎರಡರಲ್ಲೂ ಇರುವುದು ಅಯಸ್ಕಾಂತ, ಸುರುಳಿ, ಅದಕ್ಕೆ ಅಂಟಿದ ಪೊರೆ. ಹಳೇ ಆರೂವರೆ ಇಂಚಿನ ವೂಫರ್‌ಗೆ ಎಕ್ಸ್‌ಎಲ್‌ಆರ್ (ಮೈಕ್ ಕೇಬಲ್) ತಂತಿ ಬೆಸುಗೆ ಹಾಕಿ ಡ್ರಮ್ಮಿನ ಮುಂದೆ ಎರಡು ಮೂರು ಇಂಚು ದೂರ ನಿಲ್ಲಿಸಿದರೆ ಅದು ತಳದ ಗುಂಗನ್ನೇ ಹಿಡಿಯುತ್ತದೆ. ಇದೇ ವಿದ್ಯೆಯ ಮೇಲೆ ಯಮಹಾ ಸಬ್‌ಕಿಕ್ ಅಂತ ಒಂದು ಸಾಧನ ಮಾಡಿ ಮಾರಿತ್ತು. ಬರೀ ವೂಫರ್‌ನಲ್ಲಿ ಟಿಕ್ ಇರುವುದಿಲ್ಲ, ಅದಕ್ಕೆ ಪಿಜಿಎ52 ಒಳಗೆ, ವೂಫರ್ ಹೊರಗೆ. ಎರಡನ್ನೂ ಸೇರಿಸಿದಾಗ ಬೇಸ್ ಜಾಸ್ತಿ ಆಗುವ ಬದಲು ಮಾಯವಾದರೆ ಒಂದು ಚಾನೆಲ್‌ನ ಫೇಸ್ ಗುಂಡಿ (ಸದ್ದಿನ ಅಲೆಯನ್ನು ತಲೆಕೆಳಗು ಮಾಡುವುದು) ಒತ್ತಿ. ಗುಂಡಿ ಇಲ್ಲದಿದ್ದರೆ ವೂಫರ್‌ನ ಎರಡು ತಂತಿ ಅದಲು ಬದಲು ಮಾಡಿ.

ಡ್ರಮ್ ಬಿಟ್ಟು ಬೇರೆಯದಕ್ಕೂ ಬಳಸಿದ್ದೇನೆ. ಬೇಸ್ ಗಿಟಾರ್ ಆಂಪ್ ಮುಂದೆ ಚೆನ್ನಾಗಿದೆ. ನನಗೆ ತುಂಬಾ ಖುಷಿ ಕೊಟ್ಟದ್ದು ಡೊಳ್ಳು. ಒಂದು ತಂಡದವರ ಹಾಡಿಗೆ ಡೊಳ್ಳು ರೆಕಾರ್ಡ್ ಮಾಡಬೇಕಿತ್ತು. ಕೈ ಬಡಿಯುವ ಮಗ್ಗುಲಿಗೆ ಒಂದು ಅಡಿ ದೂರದಲ್ಲಿ ಪಿಜಿಎ52, ಕೋಲಿನ ಮಗ್ಗುಲಿಗೆ ಎಸ್‌ಎಂ57 ಇಟ್ಟೆ. ಕೈ ಮಗ್ಗುಲಿನ ‘ಗುಂ’ ಹೆಡ್‌ಫೋನ್‌ನಲ್ಲಿ ಕೇಳಿಸಿದಾಗ ಡೊಳ್ಳು ಬಾರಿಸಿದ ಹಿರಿಯರು, “ನಾನು ಡೊಳ್ಳು ಹೊತ್ತಾಗ ಹೊಟ್ಟೆಗೆ ಗೊತ್ತಾಗ್ತದಲ್ಲ, ಅದೇ ಇದು” ಅಂದರು. ಮತ್ತೊಂದು ಸಲ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೇಳಿದರು. ತಮಟೆಗೆ ಮಾತ್ರ ಇದು ಆಗುವುದಿಲ್ಲ, ಅದರ ಚುರುಕೆಲ್ಲ ಮೇಲಿನ ಸದ್ದಿನಲ್ಲಿದೆ.

ಕೊಳ್ಳುವಾಗ ಬಿಲ್ ತಗೊಳ್ಳಿ, ಕಂಪನಿ ಒಪ್ಪಿದ ಡೀಲರ್ ಹತ್ತಿರವೇ ತಗೊಳ್ಳಿ. ಹೆಸರಿರುವ ಮೈಕ್‌ಗಳ ನಕಲಿ ಮಾರುಕಟ್ಟೆಯಲ್ಲಿ ಬಹಳ ಇವೆ. ನನ್ನ ಗೆಳೆಯರೊಬ್ಬರು ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಅಂತ ತರಿಸಿದ ಹಾಡುವ ಮೈಕ್ ಕೈಗೆ ತಗೊಂಡ ಕೂಡಲೇ ಹಗುರ ಅನ್ನಿಸಿತು, ಅಕ್ಷರದ ಬಣ್ಣವೂ ಉಗುರಿಗೆ ಬಂತು. ಸೆಕೆಂಡ್ ಹ್ಯಾಂಡ್ ಆದರೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ, ಒಳಗೆ ಏನೂ ಕದಲಬಾರದು. ಆಮೇಲೆ ಒಂದು ಡ್ರಮ್ ಒಳಗೆ ಇಟ್ಟು ಐದು ನಿಮಿಷ ಜೋರಾಗಿ ಹೊಡೆಸಿ.

ಈ ವರ್ಷ ಚರ್ಚ್ ಒಂದಕ್ಕೆ ಕಾಯಂ ಸೌಂಡ್ ಸೆಟ್ ಹಾಕಿಕೊಡುವ ಕೆಲಸ ಬಂದಿದೆ. ಅಲ್ಲಿ 20 ಇಂಚಿನ ಬೇಸ್ ಡ್ರಮ್ ಇದೆ, ಕಿಕ್ ಮೈಕಿಗೆ ಅವರ ಬಜೆಟ್ ಜಾಸ್ತಿ ಇಲ್ಲ. ಪಟ್ಟಿಯಲ್ಲಿ ಪಿಜಿಎ52, ಒಂದು ಗಿಡ್ಡ ಸ್ಟ್ಯಾಂಡ್ ಮತ್ತು ಒಂದು ಕರಿ ಕಂಬಳಿ ಬರೆದು ಕೊಟ್ಟಿದ್ದೇನೆ.