ತಂಗಿಗೆ ಕಳಿಸಿದ ಎರಡು ಚಿತ್ರ: ಸಂತೆಯದ್ದೊಂದು, ಗ್ಯಾಲರಿಯದ್ದೊಂದು

ವಿದೇಶಕ್ಕೆ ಚಿತ್ರ ಕಳಿಸುವುದಿದ್ದರೆ ಇನ್ನು ಮುಂದೆ ನಾನು ಗ್ಯಾಲರಿಯಲ್ಲೇ ಕೊಳ್ಳುವುದು. ಜರ್ಮನಿಯಲ್ಲಿರುವ ತಂಗಿಗೆ ಒಂದೇ ವರ್ಷದಲ್ಲಿ ಎರಡು ಚಿತ್ರ ಕಳಿಸಿ ಆದಮೇಲೆ ಹೇಳುತ್ತಿರುವ ಮಾತಿದು.

ಮೊದಲನೆಯದನ್ನು ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಯಲ್ಲಿ ಕೊಂಡೆ. ಕುಮಾರಕೃಪಾ ರಸ್ತೆಯ ಬದಿಯಲ್ಲಿ ಕೂತಿದ್ದ ಧಾರವಾಡದ ಕಲಾವಿದರು, ಎರಡಡಿ-ಮೂರಡಿ ಕ್ಯಾನ್ವಾಸು, 12,000 ರೂಪಾಯಿ. ಚೌಕಾಸಿ ಮಾಡಲಿಲ್ಲ. ದುಡ್ಡು ಪೂರ್ತಿ ಅವರ ಕೈಗೇ ಸೇರಿತೆಂಬ ಸಮಾಧಾನ ಈಗಲೂ ಇದೆ.

ತೊಡಕು ಶುರುವಾದದ್ದು ಕಳಿಸುವಾಗ. ನಮ್ಮ ಬಡಗಿಯಿಂದ ಪೈನ್ ಮರದ ಪೆಟ್ಟಿಗೆ ಮಾಡಿಸಿ ಕೊರಿಯರ್‌ನವರ ಹತ್ತಿರ ಒಯ್ದರೆ, 'ಐಎಸ್‌ಪಿಎಂ-15 ಮುದ್ರೆ ಎಲ್ಲಿ?' ಅಂದರು. ಅದು ಮರದ ಪೆಟ್ಟಿಗೆಗಳಿಗಿರುವ ಅಂತರರಾಷ್ಟ್ರೀಯ ನಿಯಮ. ಮರದೊಳಗಿನ ಹುಳ ಗಡಿ ದಾಟದಿರಲೆಂದು ಮರದ ತಿರುಳಿಗೂ 56 ಡಿಗ್ರಿ ಶಾಖ ಅರ್ಧ ಗಂಟೆ ತಾಗಿಸಿ, ಗೋಧಿ ತೆನೆಯ ಗುರುತಿರುವ ಮುದ್ರೆ ಒತ್ತಿರಬೇಕಂತೆ. ಪ್ಲೈವುಡ್ಡಿಗಾದರೆ ಇದು ಬೇಕಿಲ್ಲ. ಬಡಗಿಗಾಗಲಿ ನನಗಾಗಲಿ ಇದರ ಗಂಧಗಾಳಿಯೂ ಇರಲಿಲ್ಲ.

ಪೆಟ್ಟಿಗೆ ಬಿಟ್ಟು, ಕ್ಯಾನ್ವಾಸನ್ನು ಚೌಕಟ್ಟಿನಿಂದ ಬಿಚ್ಚಿ ಸುರುಳಿ ಸುತ್ತಿದೆ. ಬಣ್ಣಕ್ಕೆ ಏನೂ ಆಗದಿರಲೆಂದು ಬಣ್ಣದ ಮೈಯನ್ನು ಒಳಗೆ ಮಾಡಿ ಸಣ್ಣ ಕೊಳವೆಗೆ ತೂರಿಸಿದೆ. ಮಾಡಬಾರದ್ದು ಅದನ್ನೇ. ಬಣ್ಣದ ಮೈ ಹೊರಗಿರಬೇಕು, ದಪ್ಪನೆಯ ಕೊಳವೆಯ ಮೇಲೆ ಸುತ್ತಬೇಕು. ಒಳಗಾದರೆ ಬಣ್ಣದ ಪದರ ಒತ್ತಿ ಮುದುಡುತ್ತದೆ. ತಂಗಿ ಬಿಚ್ಚಿದಾಗ ಆಕಾಶದ ದಪ್ಪ ನೀಲಿಯಲ್ಲಿ ಅಡ್ಡಕ್ಕೆ ಏಳು ಬಿರುಕು. ಆ ಕಲಾವಿದರಿಗೆ ಹೇಗೆ ಮುಖ ತೋರಿಸಲಿ ಅನ್ನಿಸಿತು. ತಪ್ಪು ಸಂತೆಯದಲ್ಲ, ಅವರದ್ದೂ ಅಲ್ಲ.

ಎರಡನೆಯದು ಬೆಂಗಳೂರಿನದೇ ಒಂದು ಗ್ಯಾಲರಿಯದು. ಅಳತೆ ಹೆಚ್ಚುಕಡಿಮೆ ಅಷ್ಟೇ, ಬೆಲೆ 38,000. ಅದರಲ್ಲಿ ದೊಡ್ಡ ಪಾಲು ಗ್ಯಾಲರಿಯದೆಂದು ಗೊತ್ತಿದ್ದೇ ಕೊಟ್ಟೆ. ಪ್ಲೈವುಡ್ ಪೆಟ್ಟಿಗೆ, ಜಿಎಸ್‌ಟಿ ಬಿಲ್ಲು, ಕಸ್ಟಮ್ಸ್ ಕಾಗದ ಎಲ್ಲ ಅವರೇ ನೋಡಿಕೊಂಡರು. ಜೊತೆಗೊಂದು ಹಾಳೆ: ಕಲಾವಿದೆಯ ಹೆಸರು, ಬರೆದ ವರ್ಷ, ಮಾಧ್ಯಮ, ಹಿಂದಿನ ಪ್ರದರ್ಶನಗಳು. ತಂಗಿಯ ಪಕ್ಕದ ಮನೆಯಾಕೆ ಅದನ್ನೋದಿ ಕಲಾವಿದೆಯ ಬೇರೆ ಚಿತ್ರಗಳನ್ನೂ ಹುಡುಕಿ ನೋಡಿದರಂತೆ. ಮೊದಲ ಚಿತ್ರದ ಮೂಲೆಯಲ್ಲಿದ್ದದ್ದು ಕನ್ನಡದ ಸಹಿ ಮಾತ್ರ. ಅದು ಅಕ್ಷರವೆಂದೇ ಆಕೆಗೆ ತಿಳಿದಿರಲಿಲ್ಲ. ಮೈಸೂರಿನ ಕಲಾವಿದ ಎನ್.ಎಸ್. ಹರ್ಷ 2008ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನ ಆರ್ಟೆಸ್ ಮುಂಡಿ ಕಲಾಪ್ರಶಸ್ತಿ ಗೆದ್ದದ್ದು, ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡರ ಕೃತಿ 2009ರಲ್ಲಿ ಇಟಲಿಯ ವೆನಿಸ್ ಬಿನಾಲೆ ಎಂಬ ಕಲಾಪ್ರದರ್ಶನಕ್ಕೆ ಹೋದದ್ದು ನಮಗೆಲ್ಲ ಹೆಮ್ಮೆ. ಕೃತಿ ಅಷ್ಟು ದೂರ ಹೋಗಬೇಕಾದರೆ ಈ ಪೆಟ್ಟಿಗೆ, ಈ ಹಾಳೆಯ ಕೆಲಸವನ್ನು ಯಾರಾದರೂ ಮಾಡಲೇಬೇಕು.

ಆನ್‌ಲೈನ್ ಮಳಿಗೆ ನನಗೆ ಒಗ್ಗದು. ಬಣ್ಣವನ್ನು ಎದುರು ನಿಂತು ನೋಡದೆ ಕೊಳ್ಳಲಾರೆ.

ವರ್ಷಕ್ಕೊಂದು ಚಿತ್ರಕ್ಕೆಂದು ನಾನು 40,000 ಎತ್ತಿಡಬಲ್ಲೆ, ಅದಕ್ಕೇ ಗ್ಯಾಲರಿ. ನಮ್ಮ ಮನೆಯ ಗೋಡೆಗಾದರೆ ಸಂತೆಯೇ ಸೈ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತರಬಹುದು. ಬಿರುಕನ್ನು ತಾವೇ ಸರಿಮಾಡಿಕೊಡುತ್ತೇನೆಂದು ಧಾರವಾಡದವರು ಅಂದಿದ್ದಾರೆ. ಡಿಸೆಂಬರಿನಲ್ಲಿ ಬರುವಾಗ ತಂಗಿ ಚಿತ್ರ ತರುತ್ತಾಳೆ, ಬಣ್ಣದ ಮೈ ಹೊರಗೆ ಮಾಡಿ ಸುತ್ತಿ.