ಮೆನೊನೈಟ್ ಅಂಗಡಿ ನೋಡಬೇಕಾ? ವಾಟರ್ಲೂ ಸುತ್ತಮುತ್ತಲ ಮೂರು ಜಾಗಗಳ ಹೋಲಿಕೆ

ಟೊರೊಂಟೊ ಕಡೆಯಿಂದ ಬರುವ ಕನ್ನಡದ ಗೆಳೆಯರು ನನ್ನನ್ನು ಯಾವಾಗಲೂ ಕೇಳುವುದು ಇದನ್ನೇ: ಮೆನೊನೈಟ್ ಮಾರ್ಕೆಟ್ ನೋಡಬೇಕು, ಎಲ್ಲಿಗೆ ಹೋಗೋಣ? ಮೆನೊನೈಟರು ಅಂದರೆ ಒಂದು ಕ್ರೈಸ್ತ ಪಂಗಡದವರು. ಒಂಟಾರಿಯೋದ ವಾಟರ್ಲೂ ಭಾಗದಲ್ಲಿ ನಾನು ಮೂರು ಕಡೆ ಹೋಗುತ್ತೇನೆ. ಸೇಂಟ್ ಜೇಕಬ್ಸ್ ಫಾರ್ಮರ್ಸ್ ಮಾರ್ಕೆಟ್, ಕಿಚನರ್ ಊರೊಳಗಿನ ಮಾರ್ಕೆಟ್, ಮತ್ತೆ ಎಲ್ಮೈರಾ ಆಚೆ ಹಳ್ಳಿ ರಸ್ತೆಯಲ್ಲಿ ಒಂದೇ ಮನೆಯವರು ನಡೆಸುವ ಅಂಗಡಿ. ಅಲ್ಲೊಂದು ಡೆಲಿ ಕೌಂಟರೂ ಇದೆ. ಚೀಸ್, ಮಾಂಸ ಎಲ್ಲ ನಮ್ಮ ಎದುರಿಗೇ ಕತ್ತರಿಸಿ ತೂಗಿ ಕೊಡುತ್ತಾರೆ. ನನ್ನ ಓಟು ಈ ಮೂರನೆಯದಕ್ಕೆ. ತರಕಾರಿಗೆ ಮಾತ್ರ ಬೇರೆ ಲೆಕ್ಕ.

ಸೇಂಟ್ ಜೇಕಬ್ಸ್ ದೊಡ್ಡದು. 1975ರಲ್ಲಿ ಶುರುವಾದದ್ದು. 2013ರ ಸೆಪ್ಟೆಂಬರಿನಲ್ಲಿ ಮುಖ್ಯ ಕಟ್ಟಡ ಬೆಂಕಿಗೆ ಸುಟ್ಟುಹೋಯಿತು, 2015ರಲ್ಲಿ ಹೊಸದು ಎದ್ದಿತು. ವರ್ಷವಿಡೀ ಗುರುವಾರ ಮತ್ತು ಶನಿವಾರ ನಡೆಯುತ್ತದೆ. ಶನಿವಾರ ವಿಪರೀತ ಜನ. ಗುರುವಾರ ಬೆಳಿಗ್ಗೆ ಹೋದರೆ ಮಾರುವವರ ಹತ್ತಿರ ನಿಂತು ಮಾತಾಡಬಹುದು. ಅಲ್ಲಿನ ಆ್ಯಪಲ್ ಫ್ರಿಟರ್‌ಗೆ ಉದ್ದ ಸಾಲು ಇರುತ್ತದೆ. ಸೇಬಿನ ಬಿಲ್ಲೆಯನ್ನು ಹಿಟ್ಟಿನಲ್ಲಿ ಅದ್ದಿ ಕರಿದು, ಮೇಲೆ ಚಕ್ಕೆಪುಡಿ ಸಕ್ಕರೆ ಉದುರಿಸುತ್ತಾರೆ. ಸೇಬಿನ ಬಜ್ಜಿ ಅಂತಲೇ ಅಂದುಕೊಳ್ಳಿ. ಬಿಸಿಬಿಸಿ ತಿಂದರೆ ಸಾಲಿನಲ್ಲಿ ನಿಂತದ್ದಕ್ಕೆ ಬೇಜಾರಿಲ್ಲ.

ಆದರೆ ಅಲ್ಲಿರುವ ಎಲ್ಲ ಅಂಗಡಿಯೂ ಮೆನೊನೈಟರದ್ದಲ್ಲ, ಎಲ್ಲ ತರಕಾರಿಯೂ ಪಕ್ಕದ ಹೊಲದ್ದಲ್ಲ. ಬಾಳೆಹಣ್ಣು, ಕಿತ್ತಳೆಯೂ ಇರುತ್ತದೆ, ಅವು ಒಂಟಾರಿಯೋದ ಹೊಲದಲ್ಲಿ ಬೆಳೆಯಲ್ಲ ಅಲ್ವಾ? "ಇದು ನೀವೇ ಬೆಳೆದದ್ದಾ?" ಅಂತ ಕೇಳಿ. ಬೆಳೆದವರು ಖುಷಿಯಿಂದ ಹೇಳುತ್ತಾರೆ. ತರಕಾರಿಗೆ ನಾನು ಈಗಲೂ ಇಲ್ಲಿಗೇ ಬರುತ್ತೇನೆ. ಎಲೆ ಸಮೇತ ಸಿಗುವ ಎಳೆ ನವಿಲುಕೋಸು, ಬೀಟ್‌ರೂಟ್, ಆಗಸ್ಟ್‌ನಲ್ಲಿ ಸಿಹಿಯಾದ ಮುಸುಕಿನ ಜೋಳ. ನವಿಲುಕೋಸಿನ ಹುಳಿ ಮಾಡಿ ನೋಡಿ, ಸೂಪರ್‌ಮಾರ್ಕೆಟ್‌ದು ಮತ್ತೆ ಬೇಡ ಅನ್ನಿಸುತ್ತದೆ.

ಕಿಚನರ್ ಮಾರ್ಕೆಟ್ ಇನ್ನೂ ಹಳೆಯದು, 1869ರಿಂದ ಇದೆ. ಆಗ ಈ ಊರಿಗೆ ಬರ್ಲಿನ್ ಅಂತ ಹೆಸರು, 1916ರಲ್ಲಿ ಕಿಚನರ್ ಆಯಿತು. ಶನಿವಾರ ಬೆಳಿಗ್ಗೆ ರೈತರು ಬರುತ್ತಾರೆ. ಊರೊಳಗೆ ಓಡುವ ಐಯಾನ್ ಅನ್ನುವ ಲಘು ರೈಲು ಹತ್ತಿರವೇ ನಿಲ್ಲುತ್ತದೆ. ಕಾರಿಲ್ಲದ ವಿದ್ಯಾರ್ಥಿಗಳಿಗೆ ಇದೇ ಸರಿ. ಮೆನೊನೈಟ್ ಬದುಕಿನ ಹತ್ತಿರ ಹೋಗಬೇಕು ಅನ್ನುವವರಿಗೆ ಇದು ಸಾಲದು.

ಇನ್ನು ಹಳ್ಳಿಯ ಅಂಗಡಿ. ಮನೆಯವರ ನೆಮ್ಮದಿಗೆ ತೊಂದರೆ ಆಗಬಾರದು ಅಂತ ಹೆಸರು ಹಾಕುತ್ತಿಲ್ಲ. ಇಂಥ ಅಂಗಡಿಗಳು ಆ ಕಡೆ ಇನ್ನೂ ಇವೆ. ಬಸ್ ಇಲ್ಲ, ಕಾರು ಬೇಕೇ ಬೇಕು. ದಾರಿಯಲ್ಲಿ ಕುದುರೆ ಗಾಡಿಗಳು ಸಿಗುತ್ತವೆ, ನಿಧಾನವಾಗಿ, ದೂರ ಬಿಟ್ಟು ದಾಟಿ. ಗಾಡಿಯಲ್ಲಿ ಓಡಾಡುವವರು ಹಳೆಯ ಪದ್ಧತಿ ಬಿಡದ ಓಲ್ಡ್ ಆರ್ಡರ್ ಪಂಗಡದವರು. ಕಾರು ಓಡಿಸುವ, ನಮ್ಮ ಹಾಗೇ ಬಟ್ಟೆ ಹಾಕುವ ಮೆನೊನೈಟರೂ ತುಂಬಾ ಜನ ಇದ್ದಾರೆ. ಇಲ್ಲಿನ ಮೆನೊನೈಟರಲ್ಲಿ ಹಲವರ ಹಿರಿಯರು 1800ರ ಆಸುಪಾಸಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಿಂದ ಗಾಡಿ ಕಟ್ಟಿಕೊಂಡು ಇಲ್ಲಿಗೆ ಬಂದವರು. ಓಲ್ಡ್ ಆರ್ಡರ್ ಮನೆಗಳಲ್ಲಿ ಇಂದಿಗೂ ಪೆನ್ಸಿಲ್ವೇನಿಯಾ ಜರ್ಮನ್ ಮಾತಾಡುತ್ತಾರೆ.

ಒಳಗೆ ಹೋದರೆ ತಾಯಿ ಕೌಂಟರಿನಲ್ಲಿ, ಮಗಳು ತಕ್ಕಡಿ ಹತ್ತಿರ, ಅಪ್ಪ ಹಿಂದೆ ಮೂಟೆ ಇಳಿಸುತ್ತಾ ಇರುತ್ತಾರೆ. ನನಗೆ ಈ ಅಂಗಡಿ ಇಷ್ಟವಾಗುವುದು ಅದಕ್ಕೇ. ಏನು ಕೇಳಿದರೂ ಗೊತ್ತಿರುವವರೇ ಉತ್ತರ ಕೊಡುತ್ತಾರೆ. ನಾನು ಮಾಂಸ ತಿನ್ನಲ್ಲ, ನಮ್ಮನೆಯವರು ತಿನ್ನುತ್ತಾರೆ. ಹಾಗಾಗಿ ನನ್ನ ಪ್ರಶ್ನೆಗಳು ಜಾಸ್ತಿ. ಪೈನ ಹೊರಪದರಕ್ಕೆ ಹಂದಿ ಕೊಬ್ಬು ಹಾಕಿದ್ದಾರಾ, ಬೆಣ್ಣೆಯಾ? ಈ ಚೀಸ್‌ಗೆ ಹಾಲು ಒಡೆಸಲು ಬಳಸಿದ ರೆನೆಟ್ ಕರುವಿನ ಹೊಟ್ಟೆಯದ್ದಾ, ಬೇರೆಯದ್ದಾ? ದೊಡ್ಡ ಮಾರ್ಕೆಟ್ಟಿನ ಗದ್ದಲದಲ್ಲಿ ಇಷ್ಟೆಲ್ಲ ಕೇಳೋಕೆ ಸಂಕೋಚ. ಇಲ್ಲಿ ಆ ಹುಡುಗಿ ಒಳಗೆ ಹೋಗಿ ಡಬ್ಬಿಯನ್ನೇ ತಂದು ಓದಿ ಹೇಳುತ್ತಾಳೆ. ಒಂದೆರಡು ಬಗೆಯ ಪೈ ನನಗೆ ಆಗಲ್ಲ ಅಂತ ಗೊತ್ತಾದದ್ದು ಹಾಗೇ.

ಚೀಸ್ ಇಡೀ ಗಟ್ಟಿಯಿಂದ ಬೇಕಾದಷ್ಟು ದಪ್ಪಕ್ಕೆ ಕತ್ತರಿಸಿ ಕೊಡುತ್ತಾರೆ, ಮೊದಲು ಒಂದು ಚೂರು ರುಚಿಗೆ. ಕೋಖ್‌ಕೇಸೆ ಅಂತ ಒಂದು ಸಿಗುತ್ತದೆ. ಹಾಲು ಒಡೆಸಿದಾಗ ಬರುವ ಗಟ್ಟಿಯನ್ನು ಹದವಾಗಿ ಹಣ್ಣಾಗಲು ಬಿಟ್ಟು, ಆಮೇಲೆ ಬೆಣ್ಣೆ, ಸೋಡಾ ಹಾಕಿ ಕಾಯಿಸಿ ಮಾಡುವ ಮೆತ್ತನೆಯ ಚೀಸ್. ವಾಸನೆ ಸ್ವಲ್ಪ ಜೋರು. ನನಗೆ ಮೊದಲ ಸಲವೇ ಹಿಡಿಸಿತು. ನಮ್ಮನೆಯವರಿಗೆ ಸಮ್ಮರ್ ಸಾಸೇಜ್ ಅಂದರೆ ಪ್ರಾಣ. ಹುಳಿ ಬರಿಸಿ ಹೊಗೆಯಲ್ಲಿಟ್ಟ ಮಾಂಸದ ಸಾಸೇಜ್ ಅದು. ದನ, ಹಂದಿ ಎರಡೂ ಸೇರಿರಬಹುದು, ಕೇಳಿ ತಗೊಳ್ಳಿ. ಒಣ ಸೇಬು, ಸ್ಪೆಲ್ಟ್ ಗೋಧಿ ಹಿಟ್ಟು, ಓಟ್ಸ್ ಎಲ್ಲ ಬಿಡಿಯಾಗಿ ಸಿಗುತ್ತವೆ.

ಮೇಪಲ್ ಸಿರಪ್ ಕೂಡ ಇಲ್ಲೇ ಕೊಳ್ಳುತ್ತೇನೆ. ಸುಮಾರು 40 ಲೀಟರ್ ಮರದ ರಸ ಕುದಿಸಿದರೆ ಒಂದು ಲೀಟರ್ ಸಿರಪ್ ಆಗುತ್ತದೆ, ಬೆಲೆ ಜಾಸ್ತಿ ಅನ್ನಿಸಿದರೆ ಇದನ್ನು ನೆನೆಸಿಕೊಳ್ಳಿ. ತೆಳು ಬಣ್ಣದ್ದಕ್ಕಿಂತ ಕಡು ಬಣ್ಣದ್ದೇ ನನಗೆ ಇಷ್ಟ. ಚಪಾತಿಗೆ ತುಪ್ಪದ ಜೊತೆ ತುಂಬಾ ಚೆನ್ನಾಗಿರುತ್ತದೆ.

ಅಮ್ಮ ಅಪ್ಪ ಊರಿಂದ ಬಂದಿದ್ದಾರೆ, ಒಂದೇ ದಿನ ಸಿಗೋದು ಅಂದರೆ ಗುರುವಾರ ಇಟ್ಟುಕೊಳ್ಳಿ. ಬೆಳಿಗ್ಗೆ ಸೇಂಟ್ ಜೇಕಬ್ಸ್, ಮಧ್ಯಾಹ್ನ ಹಳ್ಳಿ ಅಂಗಡಿ. ಭಾನುವಾರ ಹಳ್ಳಿ ಕಡೆ ಸುಮ್ನೆ ಹೋಗಬೇಡಿ, ಗೇಟಿನ ಬೋರ್ಡಿನಲ್ಲೇ ಭಾನುವಾರ ಮಾರಾಟವಿಲ್ಲ ಅಂತ ಬರೆದಿರುತ್ತಾರೆ. ಈಸ್ಟರ್ ಆಗಿ 40ನೇ ದಿನಕ್ಕೆ ಬರುವ ಅಸೆನ್ಷನ್ ಹಬ್ಬ ಗುರುವಾರವೇ ಬೀಳುತ್ತದೆ, ಅವತ್ತೂ ಎಷ್ಟೋ ಅಂಗಡಿಗಳಿಗೆ ರಜೆ. ಕೈಯಲ್ಲಿ ನಗದು ಇರಲಿ, ಬೇಸಿಗೆಯಾದರೆ ಚೀಸ್‌ಗೆ ಐಸ್ ಡಬ್ಬಿ ಇರಲಿ. ಅವರ ಫೋಟೋ ಮಾತ್ರ ತೆಗೆಯಬೇಡಿ. ಓಲ್ಡ್ ಆರ್ಡರ್‌ನವರಿಗೆ ಅದು ಇಷ್ಟವಿಲ್ಲ, ಮಕ್ಕಳದ್ದಂತೂ ಬೇಡವೇ ಬೇಡ.